ಪತ್ರೆ ಕೀಳುವ ಗಾಳದ ಕೋಲು

ನಮ್ಮ ಅತ್ತೆ ಇಷ್ಟು ವರ್ಷ ಲಿಂಗಪೂಜೆಗೆ ಬಿಲ್ವಪತ್ರೆ ಕೀಳುತ್ತಿದ್ದುದು ಮೀನು ಹಿಡಿಯುವ ಕೋಲಿನಿಂದ ಎಂದು ಗೊತ್ತಾದ ಕೂಡಲೇ ನಾನು ಮಾಡಿದ ಮೊದಲ ಕೆಲಸ, ಓಡಿಹೋಗಿ ಹಿತ್ತಿಲ ಬಾಗಿಲು ಹಾಕಿದ್ದು. ಅತ್ತೆ ಹಿತ್ತಿಲಲ್ಲಿದ್ದರು.

ಕಂಡುಹಿಡಿದವರು ನಮ್ಮ ಯಜಮಾನರು. ಇನ್ಯಾರು? ವಿ.ಆರ್.ಎಸ್. ತೆಗೆದುಕೊಂಡ ಮೇಲೆ ಅವರಿಗೆ ಹಳೇ ಸಾಮಾನುಗಳನ್ನು ಹೊಸದು ಮಾಡುವ ವಿಡಿಯೋಗಳ ಹುಚ್ಚು ಹಿಡಿದಿದೆ. ನಮ್ಮ ಮನೆಯ ಹಳೇ ರೇಡಿಯೋ ಈಗಾಗಲೇ ರೆಸ್ಟೋರ್ ಆಗಿದೆ. (ಮೊದಲು ಗೊರಗೊರ ಅಂತಾದರೂ ಹಾಡುತ್ತಿತ್ತು. ಈಗ ಫಳಫಳ ಹೊಳೆಯುತ್ತದೆ, ಅಷ್ಟೆ.)

ಅವತ್ತು ಯಾರೋ ಇಂಗ್ಲೆಂಡಿನ ತಾತ ಹಳೆಯ ಫಿಶಿಂಗ್ ರಾಡ್ ಉಜ್ಜುವುದನ್ನು ಫೋನಿನಲ್ಲಿ ನೋಡುತ್ತಾ ಕೂತಿದ್ದವರು ಇದ್ದಕ್ಕಿದ್ದಂತೆ ಎದ್ದರು. ಬಾಗಿಲ ಮೂಲೆಗೆ ಒರಗಿಸಿದ್ದ, ಅತ್ತೆ ಪತ್ರೆ ಕೀಳುವ ದೋಟಿಯನ್ನು ಎತ್ತಿ ಬೆಳಕಿಗೆ ಹಿಡಿದರು. ಬಿದಿರನ್ನು ಸೀಳಿ, ಸೀಳುಗಳನ್ನು ಅಂಟಿಸಿ ಮಾಡಿದ ಆರು ಮೂಲೆಯ ಕೋಲು. ನಡುವೆ ಹಿತ್ತಾಳೆಯ ಜೋಡಣೆ. ಕಾರ್ಕಿನ ಹಿಡಿ. ತುದಿಯಲ್ಲಿ ಮಾತ್ರ ತಂತಿ ಸುತ್ತಿ ಕಟ್ಟಿದ ತುಕ್ಕು ಕೊಕ್ಕೆ.

"ಲೇ, ಇದು ವಿಂಟೇಜ್ ಕಣೇ! ನಮ್ಮಪ್ಪನಿಗೆ ಆ ಹೆಬ್ಬೆ ಕಡೆ ಎಸ್ಟೇಟ್ ದೊರೆ ಕೊಟ್ಟಿದ್ದು!"

ನಮ್ಮ ಮಾವ ಇದೇ ಅಜ್ಜಂಪುರದಲ್ಲಿ ಈರುಳ್ಳಿ ಮಂಡಿ ಇಟ್ಟಿದ್ದವರು. ಕಾಫಿ ಎಸ್ಟೇಟಿಗೆ ದಿನಸಿ ಕಳಿಸುತ್ತಿದ್ದರು. ಅಲ್ಲಿನ ಇಂಗ್ಲಿಷ್ ದೊರೆ ಊರು ಬಿಡುವಾಗ ಅವರಿಗೊಂದು ಕೋಲು ಕೊಟ್ಟಿದ್ದು ಮನೆಯವರಿಗೆಲ್ಲ ಗೊತ್ತು. ದೊರೆಯ ವಾಕಿಂಗ್ ಸ್ಟಿಕ್ಕು ಸ್ವಲ್ಪ ಉದ್ದ ಇದೆ ಎಂದೇ ನಾವೆಲ್ಲ ನಂಬಿದ್ದೆವು. ಪ್ರತಿ ಆಯುಧಪೂಜೆಗೆ ಅದಕ್ಕೆ ಮೂರು ಬೆರಳು ವಿಭೂತಿ, ಒಂದು ಚೆಂಡುಹೂವು.

"ರೀ, ಮಠದ ಸ್ವಾಮಿಗಳು ಪಾದಪೂಜೆಗೆ ಬಂದಾಗಲೂ ಇದರಲ್ಲೇ ಅಲ್ವಾ ಪತ್ರೆ ಕಿತ್ತಿದ್ದು?" ಎಂದೆ.

ಯಜಮಾನರ ಮುಖ ಬಿಳಿಚಿತು. ಈರುಳ್ಳಿ ಮಾರಿದರೂ ಸೋಮವಾರ ಈರುಳ್ಳಿ ಮುಟ್ಟದ ಮನೆ ನಮ್ಮದು. ಎಂಬತ್ತು ದಾಟಿದ ಅತ್ತೆಗೆ ಈ ವಿಷಯ ಹೇಳುವುದುಂಟೇ? ಹೇಳಬಾರದು ಎಂದು ತೀರ್ಮಾನವಾಯಿತು. ರೆಸ್ಟೋರ್ ಮಾಡಬೇಕು ಎಂದೂ ತೀರ್ಮಾನವಾಯಿತು. (ಎರಡನೆಯದನ್ನು ಅವರೊಬ್ಬರೇ ತೀರ್ಮಾನಿಸಿದರು.)

ಅತ್ತೆಗೆ, "ಕೋಲಿಗೆ ಹುಳ ಹಿಡ್ದೈತೆ ಕಣಮ್ಮ, ಔಷಧಿ ಹಚ್ತೀನಿ" ಎಂದರು. ಅತ್ತೆ "ಹ್ಞೂಂ" ಎಂದರು. ಕೋಲು ಮಹಡಿ ಹತ್ತಿತು.

ಆಮೇಲೆ ನಡೆದದ್ದನ್ನು ಏನೆಂದು ಹೇಳಲಿ? ಸ್ಯಾಂಡ್‌ಪೇಪರಿನಲ್ಲಿ ಉಜ್ಜಿದ್ದೇ ಉಜ್ಜಿದ್ದು. ಬಾಗಿಲಿಗೆ ಹಚ್ಚಿ ಮಿಕ್ಕಿದ್ದ ವಾರ್ನಿಷ್ ಬಳಿದಿದ್ದೇ ಬಳಿದಿದ್ದು. ವಿಡಿಯೋದ ತಾತ ರೇಷ್ಮೆ ದಾರ ಸುತ್ತಿದ್ದನಂತೆ. ನನ್ನ ಸೀರೆಗೆ ಕುಚ್ಚು ಕಟ್ಟಿಸಲು ತಂದಿಟ್ಟಿದ್ದ ಗಿಣಿಹಸಿರು ದಾರ ಪೂರ್ತಿ ಖಾಲಿ. ತುದಿಯ ಕೊಕ್ಕೆಯನ್ನು ಮಾತ್ರ ಕಟಿಂಗ್ ಪ್ಲೇಯರಿನಲ್ಲಿ ಕಿತ್ತು, "ಇದು ಒರಿಜಿನಲ್ ಅಲ್ಲ" ಎಂದು ಗುಜರಿಯವನ ಚೀಲಕ್ಕೆ ಹಾಕಿಬಿಟ್ಟರು.

ಇತ್ತ ಕೆಳಗೆ ಅತ್ತೆ ಕಷ್ಟಕ್ಕೆ ಬಿದ್ದರು. ಕೈಗೆಟುಕುವ ಪತ್ರೆಯೆಲ್ಲ ಮುಗಿಯಿತು. ಪಕ್ಕದ ಮನೆಯಿಂದ ತಂದ ಬಿದಿರು ಗಳ ಅವರ ಕೈಯಲ್ಲಿ ಎತ್ತಲಾಗದಷ್ಟು ಭಾರ. ನಾನು ಕಿತ್ತುಕೊಡುತ್ತೇನೆ ಎಂದರೆ ಒಪ್ಪರು, ಅವರ ಪೂಜೆಯ ಪತ್ರೆ ಅವರೇ ಕೀಳಬೇಕು. ಒಂದು ಬೆಳಿಗ್ಗೆ ಬರೀ ಕಣಗಿಲೆ ಹೂವಿಟ್ಟು ಪೂಜೆ ಮುಗಿಸಿ, "ಔಷಧಿ ಇನ್ನೂ ಒಣಗಿಲ್ವೇನೇ?" ಎಂದು ಕೇಳಿದರು. ಗದರಿದ್ದರೂ ಚೆನ್ನಾಗಿತ್ತು. ಆ ಮೆಲುದನಿ ಕೇಳಿ ನಾನು ನೇರ ಮಹಡಿ ಹತ್ತಿದೆ.

"ಕೊಟ್ಬಿಡ್ರೀ" ಎಂದೆ. "ಭಾನುವಾರ ತರೀಕೆರೆಯಿಂದ ಬೆಲೆ ಕಟ್ಟೋರು ಬರ್ತಾರೆ, ತಡ್ಕೋ" ಎಂದರು.

ಬಂದವರು ರಿಟೈರ್ಡ್ ಎಂಜಿನಿಯರ್. ಹಳೇ ಗಾಳದ ಕೋಲುಗಳನ್ನು ಸಂಗ್ರಹಿಸುವುದೇ ಅವರ ಹವ್ಯಾಸ. ಅವರು ಬರುವಷ್ಟರಲ್ಲಿ ಅತ್ತೆಯನ್ನು ಮಠಕ್ಕೆ ಸಾಗಹಾಕುವುದು ನಮ್ಮ ಪ್ಲಾನ್. ಆಸಾಮಿ ಒಂದು ಗಂಟೆ ಮುಂಚೆಯೇ ಬಂದುಬಿಟ್ಟರು! ಅತ್ತೆ ಕಾಫಿ ಮಾಡಲು ಒಳಗೆ ಹೋದರು.

ಎಂಜಿನಿಯರು ಭೂತಗನ್ನಡಿ ಹಿಡಿದು ಕೋಲನ್ನು ಬುಡದಿಂದ ತುದಿಯವರೆಗೆ ನೋಡಿದರು. ಗಿಣಿಹಸಿರು ದಾರದ ಹತ್ತಿರ ಬಂದಾಗ ಕಣ್ಣು ಮುಚ್ಚಿಕೊಂಡರು.

"ಇದನ್ನ ಉಜ್ಜಿದ್ದು ಯಾರು?"

"ನಾನೇ ಸಾರ್!" ಯಜಮಾನರ ಎದೆ ಉಬ್ಬಿತು.

"ಇಲ್ಲಿ ಹಿಡಿ ಮೇಲೆ ಇಂಕಿನಲ್ಲಿ ಏನಾದ್ರೂ ಬರ್ದಿತ್ತಾ?"

"ಇತ್ತು ಸಾರ್. ಕೊಳೆ ಥರ ಕಾಣ್ತಿತ್ತು. ನೀಟಾಗಿ ತೆಗ್ದುಬಿಟ್ಟೆ."

"ಮಾಡಿದವರ ಹೆಸರು ಅದು. ಬೆಲೆಯೆಲ್ಲ ಇದ್ದಿದ್ದೇ ಆ ಕೊಳೆಗೆ."

ನಮ್ಮವರು ಗಂಟಲು ಸರಿಮಾಡಿಕೊಂಡರು. "ಈಗ ಹೇಗೆ ಸಾರ್?"

"ಈಗ ಏನ್ರೀ, ದೋಟಿ ಮಾಡ್ಕೋಬಹುದು."

ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ಎಂಜಿನಿಯರು ನಿಟ್ಟುಸಿರಿಟ್ಟು, ದೊಡ್ಡ ದನಿಯಲ್ಲಿ, "ಪಾಪ, ಇದು ತನ್ನ ಕಾಲ್ದಲ್ಲಿ ಎಷ್ಟು ಮೀನು ಹಿಡ್ದಿತ್ತೋ!" ಎಂದರು.

ಬಾಗಿಲಲ್ಲಿ ಕಾಫಿ ತಟ್ಟೆ ಹಿಡಿದು ಅತ್ತೆ ನಿಂತಿದ್ದರು.

ಸತ್ತೆವು ಅಂದುಕೊಂಡೆ. ಯಜಮಾನರು ರೇಡಿಯೋದ ಕಡೆ ನೋಡತೊಡಗಿದರು.

"ಒಂದೂ ಹಿಡ್ದಿಲ್ಲ" ಎಂದರು ಅತ್ತೆ, ಕಾಫಿ ಕೊಡುತ್ತಾ. "ಗಾಳ ಇದ್ರೆ ತಾನೇ ಹಿಡಿಯೋದು?"

"ಅಮ್ಮಾ, ನಿಂಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನೋ? ಆ ದೊರೆ ಜೀಪಲ್ಲಿ ಬಂದು ನಿಮ್ಮಪ್ಪನ್ನ ಮದಗದ ಕೆರೆಗೆ ಕರ್ಕೊಂಡು ಹೋಗೋನು. ಎಸ್ಟೇಟ್ ವ್ಯಾಪಾರ, ಒಲ್ಲೆ ಅನ್ನಂಗಿಲ್ಲ. ಕೊರಳಲ್ಲಿ ಲಿಂಗ ಐತೆ, ಮೀನು ಹಿಡಿಯಂಗೂ ಇಲ್ಲ. ಅದ್ಕೆ ಗಾಳ ಬಿಚ್ಚಾಕಿ ಬರೀ ದಾರಕ್ಕೆ ಹಿಟ್ಟಿನುಂಡೆ ಕಟ್ಕೊಂಡು ಕೂರೋರು. ಉಂಡೆ ಕಟ್ಟಿ ಕಳಿಸ್ತಿದ್ದೋಳೇ ನಾನು. ಮೀನುಗಳು ತಿಂದ್ಕೊಂಡು ಹೋಗವು. ಆ ದೊರೆ ಪಾಪ, ಇವ್ರ ಅದೃಷ್ಟ ಸರಿಯಿಲ್ಲ ಅಂದ್ಕೊಂಡು, ಕೊನೆಗೆ ಇವ್ರಿಗೇ ಅಂತ ತಂದಿದ್ದ ಈ ಒಳ್ಳೇ ಕೋಲನ್ನೇ ಕೊಟ್ಟು ಹೋದ."

ಎಂಜಿನಿಯರು ಕಾಫಿ ಕುಡಿಯುವುದನ್ನು ಮರೆತರು. "ಅದು ಮೀನು ಹಿಡಿಯೋದಾ ತಾಯಿ?"

"ಅಲ್ಲ ಸ್ವಾಮಿ, ದಾಸೋಹ."

ಗಂಡ ಹೋದ ಮೇಲೆ ಆ ಕೋಲನ್ನು ಯಾರಿಗೂ ಕೊಡಲು ಮನಸ್ಸಾಗಲಿಲ್ಲವಂತೆ. ಕುಲುಮೆಗೆ ಹೋಗಿ ಕೊಕ್ಕೆ ಮಾಡಿಸಿ, ತಾವೇ ತಂತಿ ಸುತ್ತಿ ಕಟ್ಟಿದರಂತೆ. "ನನ್ನ ಕೈಗೆ ಹಗುರ, ಶಿವನಿಗೆ ಪತ್ರೆ" ಎಂದರು. ಆಮೇಲೆ ಮಗನ ಕಡೆ ತಿರುಗಿದರು. "ಹುಳ ಅಂದಾಗ್ಲೇ ನೀನು ಸುಳ್ಳು ಹೇಳ್ತಿದ್ದೀಯ ಅಂತ ಗೊತ್ತಾಯ್ತು. ಇರ್ಲಿ. ಎಲ್ಲೋ ನನ್ನ ಕೊಕ್ಕೆ?"

ಯಜಮಾನರು ಚಪ್ಪಲಿ ಕೂಡ ಮೆಟ್ಟದೆ ಗುಜರಿ ಅಂಗಡಿಗೆ ಓಡಿದರು. ಅವನ ಸಾಮಾನೆಲ್ಲ ಹಿಂದಿನ ದಿನವೇ ಲಾರಿ ಹತ್ತಿ ಕಡೂರು ದಾಟಿತ್ತು.

ಈಗ ಹೊಸ ಸ್ಟೀಲ್ ಕೊಕ್ಕೆ ಬಂದಿದೆ. ಗಿಣಿಹಸಿರು ದಾರದ ದೋಟಿ ಹಿಡಿದು ಅತ್ತೆ ಮತ್ತೆ ಪತ್ರೆ ಕೀಳುತ್ತಾರೆ. ಕೊಕ್ಕೆ ಜಾರುತ್ತದೆ. "ಹೋಗ್ಲಿ ಬಿಡು, ಅಭ್ಯಾಸ ಆಗುತ್ತೆ" ಎನ್ನುತ್ತಾರೆ. ನಮ್ಮವರು ಆ ಹೊತ್ತಿಗೆ ಸರಿಯಾಗಿ ಸ್ನಾನಕ್ಕೆ ಹೋಗಿಬಿಡುತ್ತಾರೆ.

ನನ್ನದೊಂದೇ ಪ್ರಶ್ನೆ. ಒರಿಜಿನಲ್ ಅಲ್ಲ ಎಂದು ಗುಜರಿಗೆ ಹೋಯಿತಲ್ಲ ಆ ತುಕ್ಕು ಕೊಕ್ಕೆ, ಅದಕ್ಕಿಂತ ಒರಿಜಿನಲ್ ಆದದ್ದು ಆ ಕೋಲಿನಲ್ಲಿ ಇನ್ನೇನಿತ್ತು, ನೀವೇ ಹೇಳಿ?