ನಟಿ ಬಂದುಹೋದ ಓಣಿ

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಆಕೆ ಎಲ್ಲರಿಗೂ ಟೈಲರಕ್ಕ. ಗಂಡ ತೀರಿಕೊಂಡ ಮೇಲೆ ಓರಗಿತ್ತಿಯನ್ನು ಜೊತೆಮಾಡಿಕೊಂಡು ಎರಡು ಮಷೀನು ಹಾಕಿದ್ದಳು. ಗಿರಾಕಿ ಬರುವುದು ತನ್ನ ಹೊಲಿಗೆಗೋ ಓರಗಿತ್ತಿಯ ಹರಟೆಗೋ ಎಂದು ಇಬ್ಬರೂ ಜಗಳವಾಡಿ ನಗುತ್ತಿದ್ದರು. ಓಣಿಯ ಮಕ್ಕಳ ಶಾಲೆ ಬಟ್ಟೆಯೆಲ್ಲ ಅವರದೇ ಕೈಕೆಲಸ.

ಬಡತನ ತೊಲಗಿಸುತ್ತೇನೆಂದು ದೇಶ ಸುತ್ತುತ್ತಿದ್ದ ಹೆಸರಾಂತ ಸಿನಿಮಾ ನಟಿ ಆ ಓಣಿಗೂ ಬರುವ ಸುದ್ದಿ ಬಂತು. ಓರಗಿತ್ತಿ ಗಿಣಿಗೆ ಹೇಳಿದ ಹಾಗೆ ಹೇಳಿದಳು: "ಅಕ್ಕಾ, ಏನು ಬೇಕು ಅಂತ ಕೇಳಿದ್ರೆ ಕೆಲಸ ಕೊಡ್ಸಿ ಅನ್ನು. ಬಟ್ಟೆ ಹಂಚೋದಾದ್ರೆ ನಮ್ಮ ಹತ್ರಾನೇ ಹೊಲಿಸಿ ಅನ್ನು."

ಕ್ಯಾಮೆರಾದವರು ನರೆಗೂದಲಿನ ಟೈಲರಕ್ಕನನ್ನೇ ಆರಿಸಿ, ಓರಗಿತ್ತಿಯನ್ನು ಬಾಗಿಲಾಚೆ ನಿಲ್ಲಿಸಿದರು. ನಟಿ ಬಂದವಳೇ ಬಟ್ಟೆ ಚೂರುಗಳ ನಡುವೆ ನೆಲದ ಮೇಲೆ ಕೂತಳು. ಸೂಜಿ ಚುಚ್ಚಿ ಒರಟಾದ ಆ ಬೆರಳುಗಳನ್ನು ಹಿಡಿದು ಕಣ್ಣೀರಿಟ್ಟಳು. ಅದು ನಟನೆಯಲ್ಲ ಎಂದು ಟೈಲರಕ್ಕ ಈಗಲೂ ಆಣೆಯಿಟ್ಟು ಹೇಳುತ್ತಾಳೆ. ಗಂಡ ಹೋದ ಮೇಲೆ ಅವಳ ಕೈಯನ್ನು ಯಾರೂ ಹಾಗೆ ಹಿಡಿದಿರಲಿಲ್ಲ.

"ನಿಮಗೇನು ಬೇಕಮ್ಮಾ?"

ಕಲಿತ ಮಾತೆಲ್ಲ ಮರೆತೇಹೋಯಿತು. "ನೀವು ಬಂದ್ರಲ್ಲ, ಅಷ್ಟೇ ಸಾಕು ತಾಯಿ. ಮಕ್ಕಳಿಗೆ ಮೈತುಂಬ ಬಟ್ಟೆ ಇಲ್ಲ, ನೋಡಿ" ಎಂದುಬಿಟ್ಟಳು. ಬಾಗಿಲಾಚೆ ಓರಗಿತ್ತಿ ಹಣೆ ಚಚ್ಚಿಕೊಂಡಳು.

ಆ ಮಾತು ಟೀವಿಯಲ್ಲಿ ಬಂದದ್ದೇ ತಡ, ಎಲ್ಲೆಲ್ಲಿಂದಲೋ ಲಾರಿಗಟ್ಟಲೆ ಸಿದ್ಧ ಬಟ್ಟೆ, ಶಾಲೆ ಬಟ್ಟೆಯೂ ಸೇರಿ, ಬಂದು ಬಿತ್ತು. ಚಳಿಗೆ ನಡುಗುತ್ತಿದ್ದ ಮಕ್ಕಳು ಸ್ವೆಟರ್ ತೊಟ್ಟು ಕುಣಿದಾಗ ಟೈಲರಕ್ಕನಿಗೆ ಕಣ್ಣು ತುಂಬಿತು. ಆದರೆ ಶಾಲೆ ಶುರುವಾಗುವ ಹೊತ್ತಿಗೆ ಅಳತೆ ಕೊಡಲು ಒಂದು ನರಪಿಳ್ಳೆಯೂ ಬರಲಿಲ್ಲ. ಟೀವಿಯಲ್ಲಿ ಕೋಟು ತೊಟ್ಟವರು ಬಡವರಿಗೆ ಕೊಡಬೇಕಾದ್ದು ದಾನವೋ ದುಡಿಮೆಯೋ ಎಂದು ಕಿತ್ತಾಡುತ್ತಿದ್ದರು.

"ಇದನ್ನೇ ನಾನು ಅವತ್ತು ಬಡ್ಕೊಂಡಿದ್ದು" ಎಂದು ಓರಗಿತ್ತಿ ಟೀವಿ ಆರಿಸಿದಳು.

"ಮಕ್ಕಳು ಬೆಚ್ಚಗಿದ್ದಾವಲ್ಲೇ."

"ಮತ್ತೆ ನಾವು?"

ಟೈಲರಕ್ಕ ಮಷೀನಿಗೆ ಎಣ್ಣೆ ಬಿಟ್ಟಳು.

ಓರಗಿತ್ತಿ ತನ್ನ ಮಷೀನು ಮಾರಿ, ಗಂಡನೊಂದಿಗೆ ದೂರದೂರಿನ ಗಾರ್ಮೆಂಟ್ಸಿಗೆ ಹೋದಳು. ಅಲ್ಲಿ ಬೆಳಗಿನಿಂದ ಕಾಲರ್ ಕೂರಿಸುವುದಷ್ಟೇ ಕೆಲಸವಂತೆ. ಅಂಗಿ ಪೂರ್ತಿಯಾಗುವುದನ್ನು ಕಾಣುವುದೇ ಇಲ್ಲವಂತೆ. ಟೈಲರಕ್ಕ ಈಗ ದಾನದ ಪ್ಯಾಂಟುಗಳ ಉದ್ದ ಕತ್ತರಿಸಿ, ಸೊಂಟ ಬಿಗಿಮಾಡಿ ಹೇಗೋ ದಿನ ದೂಡುತ್ತಾಳೆ. ನಟಿಯ ಮೇಲೆ ಅವಳಿಗೆ ಸಿಟ್ಟಿಲ್ಲ.

ರಜೆಯ ದಿನ ಓರಗಿತ್ತಿಯ ಫೋನು ಬಂದಾಗಲೆಲ್ಲ ಟೈಲರಕ್ಕನ ಬಾಯಿಗೆ ಅದೇ ಮಾತು ಬರುತ್ತದೆ. "ಅವಳು ಕೇಳಿದ್ದಳು ಕಣೇ. ಕೇಳಿದಾಗ ನಾನೇ ಹೇಳ್ಲಿಲ್ಲ."

"ಬಿಡಕ್ಕಾ ಅದನ್ನ. ಊಟ ಆಯ್ತಾ?" ಎನ್ನುತ್ತಾಳೆ ಓರಗಿತ್ತಿ.