ಅ ಕಪೆಲ್ಲಾ ಹಾಡಿದ ಶುಕ್ರವಾರ

ಮೊದಲ ಸ್ವರ ಕೊಡುವುದೊಂದೇ ನನ್ನ ಕೆಲಸವಾಗಿತ್ತು. ಅದನ್ನೇ ತಪ್ಪಾಗಿ ಕೊಟ್ಟೆ. ತಪ್ಪು ನನ್ನದೆಂದು ಗೊತ್ತಾದ ಮೇಲೂ ಬಾಯಿ ಬಿಡಲಿಲ್ಲ. ಅದಕ್ಕೆ ಮಾತು ಕೇಳಬೇಕಾಗಿ ಬಂದದ್ದು ನನ್ನ ತಂಗಿಗೆ.

ಶುಭ ಶುಕ್ರವಾರ ನಮ್ಮ ಇಗರ್ಜಿಯಲ್ಲಿ ಗಂಟೆ ಬಾರಿಸುವುದಿಲ್ಲ, ವಾದ್ಯ ಮುಟ್ಟುವುದಿಲ್ಲ. ಹಾಡೆಲ್ಲ ಬರಿಯ ಕಂಠದಲ್ಲಿ. ಇದಕ್ಕೆ 'ಅ ಕಪೆಲ್ಲಾ' ಎನ್ನುತ್ತಾರೆ. ಇಟಲಿಯ ಮಾತು, 'ಕಪೆಲ್ಲಾದ ರೀತಿಯಲ್ಲಿ' ಎಂದು ಅರ್ಥ ಅಂತ ನಮ್ಮ ಗಾಯನ ಮಂಡಳಿಯ ಮಾಸ್ಟ್ರು ಹೇಳಿದ್ದರು. ಕಪೆಲ್ಲಾ ಎಂದರೆ ನಾವು ಕೊಂಕಣಿಯಲ್ಲಿ ಹೇಳುವ ಕೊಪೆಲ್, ಪುಟ್ಟ ಇಗರ್ಜಿ. ಅದಕ್ಕೂ ಹಿಂದೆ ಆ ಪದದ ಮೂಲ ಮೇಲಂಗಿಯಂತೆ. ಚಳಿಯಲ್ಲಿ ನಡುಗುತ್ತಿದ್ದ ಭಿಕ್ಷುಕನಿಗೆ ಸಂತನೊಬ್ಬ ತನ್ನ ಮೇಲಂಗಿ ಕತ್ತರಿಸಿ ಅರ್ಧ ಕೊಟ್ಟ. ಉಳಿದರ್ಧವನ್ನು ಕಾಪಾಡಿದ ಕೋಣೆಗೇ ಆ ಹೆಸರು ಬಂತು.

ನಾನು ಎಂಟನೆಯ ತರಗತಿಗೇ ಶಾಲೆ ಬಿಟ್ಟವನು. ಸ್ವರಲಿಪಿ ಓದಲು ಬಾರದು, ಮಂಡಳಿಗೆ ನುಡಿಸುವ ಕೀಬೋರ್ಡ್ ಕಲಿತದ್ದು ಕಿವಿಯಿಂದ. ಯಾವ ಹಾಡಾದರೂ ನನ್ನ ಬೆರಳು 'ಸಿ' ಎಂಬ ಸ್ವರದ ಮನೆಯಿಂದಲೇ ಹೊರಡುತ್ತದೆ. ಹಾಡುವವರ ಕಂಠಕ್ಕೆ ತಕ್ಕಂತೆ ಗುಂಡಿ ಒತ್ತಿ ಇಡೀ ಕೀಬೋರ್ಡಿನ ಶ್ರುತಿಯನ್ನೇ ಏರಿಸುತ್ತೇನೆ, ಇಳಿಸುತ್ತೇನೆ. ಶುಕ್ರವಾರದ ಹಾಡು ಹಾಡಬೇಕಿದ್ದ ತಂಗಿಗಾಗಿ ಮೂರು ಮನೆ ಇಳಿಸಿಟ್ಟು ಅಭ್ಯಾಸ ಮಾಡಿಸಿದ್ದೆ. ಶುಕ್ರವಾರ ಕೀಬೋರ್ಡ್ ಇಲ್ಲವಲ್ಲ. ಸ್ವರ ಹಿಡಿಯಲು ಊದುವ ಪುಟ್ಟ ಪೈಪ್ ತೆಗೆದು, ಎಂದಿನಂತೆ 'ಸಿ' ಎಂದುಕೊಂಡು ಊದಿದೆ. ಪೈಪಿಗೆ ಇಳಿಸುವ ಗುಂಡಿ ಇರುವುದಿಲ್ಲ. ಹಾಡು ಮೂರು ಮನೆ ಮೇಲೇರಿತು.

ಎರಡನೆಯ ಸಾಲಿಗೇ ನನಗೆ ಗೊತ್ತಾಯಿತು. ತಂಗಿ ನನ್ನತ್ತ ನೋಡಿದಳು. ನಿಲ್ಲಿಸಿ ಮತ್ತೆ ಊದಬಹುದಿತ್ತು. ಆದರೆ ಇಗರ್ಜಿ ತುಂಬಿತ್ತು. ನಾನು ನೆಲ ನೋಡಿದೆ. ಎತ್ತರದ ಸಾಲಿನಲ್ಲಿ ಅವಳ ಧ್ವನಿ ಒಡೆಯಿತು.

"ಉಪವಾಸದ ದಿನವೂ ಐಸ್‌ಕ್ರೀಂ ತಿಂದದ್ದಾ ಎಂತ ಮಾರಾಯ್ತಿ?" ಪ್ರಾರ್ಥನೆ ಮುಗಿದ ಮೇಲೆ ಹೊರಗೆ ಎಲ್ಲರೆದುರು ಮಾಸ್ಟ್ರು ಅವಳನ್ನು ಕೇಳಿದರು. ಕೆಲವರು ನಕ್ಕರು. ನಾನು ಪೈಪನ್ನು ಜೇಬಿಗೆ ಹಾಕಿಕೊಂಡೆ.

ಮರುದಿನ ಬೆಳಿಗ್ಗೆ ಈಸ್ಟರಿನ ಅಭ್ಯಾಸ. ತಂಗಿ ಅತ್ತಾವರದ ಆಸ್ಪತ್ರೆಯಲ್ಲಿ ನರ್ಸ್. ರಾತ್ರಿ ಡ್ಯೂಟಿ ಮುಗಿಸಿ ಯೂನಿಫಾರ್ಮಿನಲ್ಲೇ ಬಂದಳು. ತಾನೊಬ್ಬಳೇ ಹಾಡಬೇಕಿದ್ದ ಕೀರ್ತನೆಯ ಹಾಳೆಯನ್ನು ಮಾಸ್ಟ್ರತ್ತ ಚಾಚಿದಳು.

"ಬೇರೆಯವರಿಗೆ ಕೊಡಿ ಸರ್. ನನ್ನ ಸ್ವರ ಹೋಗಿದೆ. ಇನ್ನು ನಾನು ಹಾಡುದಿಲ್ಲ."

"ಆಯ್ತು, ಸ್ವಲ್ಪ ರೆಸ್ಟ್ ಮಾಡು," ಎಂದು ಅವರು ಕೈ ನೀಡಿದರು.

"ಕೊಡ್ಬೇಡ," ಎಂದೆ. ಎಲ್ಲರೂ ತಿರುಗಿದರು. ನಾನು ಮಾಸ್ಟ್ರ ಮುಂದೆ ಹೋಗಿ ನಿಂತೆ. "ಸರ್, ನಿನ್ನೆ ಸ್ವರ ತಪ್ಪಿ ಕೊಟ್ಟದ್ದು ನಾನು. ಮೂರು ಮನೆ ಮೇಲೆ ಊದಿದೆ. ಅವಳ ಗಂಟಲಿಗೆ ಎಂತದೂ ಆಗ್ಲಿಲ್ಲ."

"ಗೊತ್ತಿತ್ತಾ ನಿನಗೆ?" ತಂಗಿ ಕೇಳಿದಳು. "ಮತ್ತೆ ನಿನ್ನೆ ಎಂತಕ್ಕೆ ಹೇಳ್ಲಿಲ್ಲ?"

"ಹೆದರಿದೆ. ನಿನ್ನನ್ನು ನಗಾಡುವಾಗ ಸುಮ್ಮನೆ ನಿಂತೆ. ತಪ್ಪಾಯ್ತು ತಂಗಿ, ನನ್ನನ್ನು ಕ್ಷಮಿಸು."