ಮುನಿತಾಯಮ್ಮನ ಕೈಗುಣ

ಆ ಶುಕ್ರವಾರ ನಾಗರಬಾವಿಯ ಮುನಿತಾಯಮ್ಮನಿಗೆ ಬೆಳಗಿನಿಂದ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಹೊಸ್ತಿಲು ಒರೆಸಿದ್ದೇ ಮೂರು ಸಲ. ಹತ್ತೂವರೆಗೆ ರಾಹುಕಾಲ ಶುರು. ಅಷ್ಟರೊಳಗೆ ಮೋಹನ್ ಕುಮಾರ್ ಬಂದು, ಹಣೆಗೆ ಕುಂಕುಮ ಇಡಿಸಿಕೊಂಡು, ನಾಮಪತ್ರ ಸಲ್ಲಿಸಲು ಹೊರಡಬೇಕು. ಯಾರ ಕೈಯಿಂದ ಇಡಿಸಿಕೊಳ್ಳುತ್ತಾನೆ ಅನ್ನುವುದೇ ಆಕೆಯ ಸಂಕಟ.

ಈ ಮೋಹನ್ ಕುಮಾರ್ ಈಗ ಪಕ್ಷದ ರಾಷ್ಟ್ರಾಧ್ಯಕ್ಷ, ಟಿವಿ ಹಾಕಿದರೆ ಸಾಕು ಅವನದೇ ಮುಖ. ಈ ಸಲ ಗೆದ್ದರೆ ಪ್ರಧಾನಿಯೇ ಅಂತ ಮಾತು. ಇಪ್ಪತ್ತೆಂಟು ವರ್ಷದ ಹಿಂದೆ ಮುನಿತಾಯಮ್ಮನ ಮಹಡಿ ಮೇಲಿನ ಬಾಡಿಗೆ ಕೋಣೆಯಲ್ಲಿದ್ದ ಲಾ ಕಾಲೇಜು ಹುಡುಗ. ಹೊಲವೆಲ್ಲ ಬಡಾವಣೆಗೆ ಹೋದ ಮೇಲೆ ಗಂಡ ಬೈರಪ್ಪ ಉಳಿದ ಜಾಗದಲ್ಲಿ ಕಟ್ಟಿಸಿದ ಕೋಣೆಗಳವು. ಕಾಲೇಜು ಸಂಘದ ಚುನಾವಣೆಯ ದಿನ, ಊಟ ಬಿಟ್ಟು ಪೇಚಾಡುತ್ತಾ ಮೆಟ್ಟಿಲಿಳಿಯುತ್ತಿದ್ದವನನ್ನು ನಿಲ್ಲಿಸಿ, ಮುದ್ದೆ ಉಣ್ಣಿಸಿ, ಹಣೆಗೆ ಕುಂಕುಮ ಇಟ್ಟು ಕಳಿಸಿದ್ದಳು. ಗೆದ್ದ. ಅಮ್ಮನ ಕೈಗುಣ ಎಂದು ಎಲ್ಲರ ಮುಂದೆ ಹೇಳಿಕೊಂಡು ತಿರುಗಿದ. ಆಮೇಲೆ ಕಾರ್ಪೊರೇಟರ್ ಆಗುವಾಗ ಬಂದ, ಎಂಎಲ್‌ಎ ಆಗುವಾಗ ಬಂದ, ಎಂಪಿ ಆಗುವಾಗ ಎರಡು ಸಲವೂ ಬಂದ. ಒಮ್ಮೆ ಮುನಿತಾಯಮ್ಮ ಊರಲ್ಲಿಲ್ಲವೆಂದು ನಾಮಪತ್ರವನ್ನೇ ಒಂದು ದಿನ ಮುಂದಕ್ಕೆ ಹಾಕಿದ್ದ. ಭಾಷಣದಲ್ಲಿ ಮಾತ್ರ ಮೂಢನಂಬಿಕೆ ಬಿಡಿ ಎನ್ನುತ್ತಿದ್ದ, ಅದು ಬೇರೆ ವಿಷಯ.

ಬೈರಪ್ಪ ತೀರಿಕೊಂಡು ಈಗ ಎಂಟು ತಿಂಗಳು. ಗಂಡ ಸತ್ತವಳ ಕೈಯಿಂದ ಶುಭಕಾರ್ಯಕ್ಕೆ ಕುಂಕುಮ ಇಡಿಸಿಕೊಳ್ಳಬಾರದಂತೆ. ಯಾರು ಮಾಡಿದರೋ ಈ ಕಟ್ಟಳೆಯನ್ನು, ಅವರ ಮನೆ ಹಾಳಾಗ. ನಿನ್ನೆ ಮೋಹನನ ಆಪ್ತ ಸಹಾಯಕ ಫೋನ್ ಮಾಡಿದ್ದ.

“ಆಂಟಿ, ಈ ಸಲ ಕುಂಕುಮ ನಿಮ್ಮ ಸೊಸೆ ಕೈಲಿ ಇಡಿಸ್ಬಿಡಿ. ತಪ್ಪು ತಿಳ್ಕೋಬೇಡಿ.”

“ಮೋಹನ ಹೇಳಿದ್ನಾ?”

“ಅವ್ರಿಗೆಲ್ಲಿ ಪುರುಸೊತ್ತು ಆಂಟಿ, ಇದೆಲ್ಲ ನಾವೇ ನೋಡ್ಕೋಬೇಕು” ಎಂದವನು ಫೋನ್ ಇಟ್ಟುಬಿಟ್ಟ.

ಆಗಿನಿಂದ ಮುನಿತಾಯಮ್ಮ ಸೊಸೆಯನ್ನು ಕೇಳಿದ್ದೇ ಕೇಳಿದ್ದು.

“ಅವನು ಹಂಗೆ ಹೇಳಿರಲ್ಲ, ಅಲ್ವೇನೇ ಅನು?”

“ಹೇಳಿರಲ್ಲ ಬಿಡಿ ಅತ್ತೆ” ಎಂದು ಹೇಳಿ ಹೇಳಿ ಅನುಗೂ ಸುಸ್ತಾಗಿತ್ತು.

ಹತ್ತು ಗಂಟೆ ದಾಟಿದ ಮೇಲೆ ಕಾರುಗಳು ಬಂದವು, ಹಿಂದೆಯೇ ಕ್ಯಾಮೆರಾದವರು. ಮೋಹನ್ ಕುಮಾರ್ ನೇರವಾಗಿ ಬಂದು ಮುನಿತಾಯಮ್ಮನ ಕಾಲಿಗೆ ಬಿದ್ದ. ಎದ್ದವನು ಗಡಿಯಾರ ನೋಡಿಕೊಂಡು, ಆರತಿ ತಟ್ಟೆ ಹಿಡಿದು ನಿಂತಿದ್ದ ಅನುವಿನತ್ತ ತಿರುಗಿದ.

ಅನು ತಟ್ಟೆಯನ್ನು ಅತ್ತೆಯ ಮುಂದೆ ಹಿಡಿದಳು. “ನೀವೇ ಇಡಿ ಅತ್ತೆ.”

ಆಪ್ತ ಸಹಾಯಕ ಕೆಮ್ಮಿದ. ಕ್ಯಾಮೆರಾಗಳು ಹತ್ತಿರ ಬಂದವು.

“ಹೌದಮ್ಮ, ನೀವೇ ಇಡಿ” ಎಂದು ಮೋಹನ್ ಕುಮಾರ್ ನಕ್ಕ.

ಮುನಿತಾಯಮ್ಮನಿಗೆ ಹೋದ ಜೀವ ಬಂದಂತಾಯಿತು. ಬೆರಳಿಗೆ ಕುಂಕುಮ ತೆಗೆದುಕೊಂಡು ಕೈಯೆತ್ತಿದಳು. ಆಗ ಆ ಹಣೆ ಒಂದಿಷ್ಟು ಹಿಂದಕ್ಕೆ ಸರಿಯಿತು. ಕ್ಯಾಮೆರಾಕ್ಕೆ ಕಂಡಿರಲಾರದು, ಆಕೆಗೆ ಕಂಡಿತು.

ಕೈ ಇಳಿಸಿದಳು. “ಹೆದರ್ಕೊಂಡು ಇಡಿಸ್ಕೋಬೇಡ ಕಣಪ್ಪ. ಹೋಗ್ಬಾ, ಹೊತ್ತಾಯ್ತು.”

ಬೆರಳಲ್ಲಿದ್ದ ಕುಂಕುಮವನ್ನು ಸೊಸೆಯ ಹಣೆಗೆ ಇಟ್ಟಳು. ಅನು ಮುಂದಕ್ಕೆ ಬಾಗಿ ಇಡಿಸಿಕೊಂಡಳು.

ಮೋಹನ್ ಕುಮಾರ್ ಬರಿ ಹಣೆಯಲ್ಲೇ ಕಾರು ಹತ್ತಿದ.